ಸಿಂಪಿ ಮರಿಗಳು ಸಾಯುತ್ತಿದ್ದುದು ಸಮುದ್ರದ ನೀರಿನಿಂದಲ್ಲ!

ಅಮೆರಿಕದ ಆರೆಗಾನ್ ಕರಾವಳಿಯ ಒಂದು ಹ್ಯಾಚರಿಯಲ್ಲಿ, ಅಂದರೆ ಸಿಂಪಿ ಮರಿಗಳನ್ನು ಬೆಳೆಸುವ ಕೇಂದ್ರದಲ್ಲಿ, ನನ್ನ ಕೆಲಸ. ಬೇಸಿಗೆಯಲ್ಲಿ ಪೆಸಿಫಿಕ್ ಸಿಂಪಿಯ ಲಾರ್ವಾಗಳು ಈಜುವುದು ಬಿಟ್ಟು ತೊಟ್ಟಿಯ ತಳ ಸೇರತೊಡಗಿದವು. ಎರಡೇ ದಿನ, ಎಲ್ಲ ಸತ್ತವು. ನನಗೆ ಸಮುದ್ರದ ನೀರಿನ ಮೇಲೇ ಅನುಮಾನ. 1 ಮೈಕ್ರಾನ್ ಫಿಲ್ಟರ್ ಹಾಕಿದೆ, ನೀರಿನ ರೋಗಾಣು ಕೊಲ್ಲುವ ಯುವಿ ದೀಪ ಬದಲಿಸಿದೆ. ಉಪಯೋಗವಾಗಲಿಲ್ಲ.

ಸುಮ್ನೆ ನೋಡೋಣ ಅಂತ ಎಲ್ಲ ಕಡೆಯ ಸ್ಯಾಂಪಲ್‌ಗಳನ್ನೂ ರೋಗಾಣು ಬೆಳೆಸಿ ನೋಡುವ ಟಿಸಿಬಿಎಸ್ ಪ್ಲೇಟಿಗೆ ಹಚ್ಚಿದೆ. ಯುವಿ ದಾಟಿದ ನೀರಿನ ಪ್ಲೇಟ್ ಸ್ವಚ್ಛ. ನಾವೇ ತಿನ್ನಿಸುತ್ತಿದ್ದ ಪಾಚಿಯ ಪ್ಲೇಟಿನ ತುಂಬ ಹಳದಿ ಚುಕ್ಕೆ. ವಿಬ್ರಿಯೋ ಬ್ಯಾಕ್ಟೀರಿಯಾ! ಊಟದಲ್ಲೇ ರೋಗ ಬಡಿಸಿದ ಹಾಗಾಯಿತು, ಅಲ್ವಾ?

ಪಾಚಿಯನ್ನೆಲ್ಲ ಚೆಲ್ಲಿ, ಶುದ್ಧ ಕಲ್ಚರ್‌ನಿಂದ ಹೊಸದಾಗಿ ಬೆಳೆಸಿದೆವು. ಪೈಪುಗಳಿಗೆ ಕ್ಲೋರಿನ್ ಹಾಯಿಸಿ, ತೊಳೆದು, ಪೂರ್ತಿ ಒಣಗಿಸಿದೆವು. ಈ ಒಣಗಿಸುವುದನ್ನು ಮಾತ್ರ ಬಿಡಬೇಡಿ; ಒದ್ದೆ ಪೈಪಿನ ಲೋಳೆಯಲ್ಲಿ ವಿಬ್ರಿಯೋ ಆರಾಮಾಗಿ ಬದುಕುತ್ತದೆ. ತೊಟ್ಟಿಗೆ ಬಿಡುವ ಲಾರ್ವಾಗಳನ್ನೂ ಕಡಿಮೆ ಮಾಡಿದೆವು. ಮುಂದಿನ ಬ್ಯಾಚ್ ಚಿಪ್ಪಿಗೆ ಅಂಟಿಕೊಂಡು ಬೆಳೆಯಿತು.