ಉಣಕಲ್ ಕೆರೆಯಿಂದ ರಾಕ್ಷಸನನ್ನು ಎಬ್ಬಿಸುವುದು ಹೇಗೆ

1933ರ ‘ಕಿಂಗ್ ಕಾಂಗ್’ ನೋಡುವಾಗ ಗೊರಿಲ್ಲಾದ ಮುಖ ಬಿಟ್ಟು ಮೈಮೇಲಿನ ಕೂದಲು ನೋಡಿ. ಗಾಳಿ ಇಲ್ಲದಿದ್ದರೂ ಅಲುಗಾಡುತ್ತಿರುತ್ತದೆ. ಗೊಂಬೆಯನ್ನು ಚೂರೇ ಚೂರು ಸರಿಸಿ, ಒಂದು ಫೋಟೋ ತೆಗೆದು, ಮತ್ತೆ ಸರಿಸಿದವರ ಬೆರಳಿನ ಗುರುತು ಅದು. ಇವತ್ತಿನ ಕಂಪ್ಯೂಟರ್ ರಾಕ್ಷಸರ ಮೇಲೆ ಯಾರ ಕೈಯೂ ಕಾಣುವುದಿಲ್ಲ. ನನಗೋ ಆ ಬೆರಳೇ ಬೇಕು. ಅದಕ್ಕೇ ಹೋದ ಮಳೆಗಾಲದಲ್ಲಿ ಧಾರವಾಡದ ನಮ್ಮ ಮನೆಯಲ್ಲಿ ಒಂದು ರಾಕ್ಷಸ ಮಾಡಿದೆ. ಹುಬ್ಬಳ್ಳಿಯ ಉಣಕಲ್ ಕೆರೆಯಿಂದ ಎದ್ದು ಬಂದು, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ ಹಿಡಿಯುತ್ತದೆ. ಸಿನಿಮಾ 20 ಸೆಕೆಂಡು, ಅಷ್ಟೇ.

ಮೊದಲು ಮೈ. ಮಣ್ಣೆತ್ತಿನ ಅಮಾವಾಸ್ಯೆಗೆ ತಂದಿದ್ದ ಎರೆಮಣ್ಣು ಉಳಿದಿತ್ತು, ಅದರಲ್ಲೇ ಶುರು ಮಾಡಿದೆ. “ಎತ್ತ ಮಾಡೂದು ಬಿಟ್ಟ ಇದೇನ್ ಮಾಡಾಕತ್ತೀಯೋ?” ಅಂದಳು ಅವ್ವ. ಮರುದಿನ ಮಣ್ಣು ಒಣಗಿ, ತೋಳು ಬಿರಿದು ಬಿತ್ತು. ಹಾಗಾಗಿ ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ಒಣಗದ ಎಣ್ಣೆ ಕ್ಲೇ ತನ್ನಿ. ಒಳಗೆ ಅಲ್ಯೂಮಿನಿಯಂ ತಂತಿ. ಎರಡೆಳೆ ಸೇರಿಸಿ ಹೊಸೆದರೆ ಬೇಗ ಮುರಿಯುವುದಿಲ್ಲ. ಕೈಕಾಲು ಜಾಸ್ತಿ ಬೇಡ, ಪ್ರತಿ ಸಲ ಎಲ್ಲವನ್ನೂ ಸರಿಸಬೇಕಾಗುತ್ತದೆ. 1955ರ ‘ಇಟ್ ಕೇಮ್ ಫ್ರಮ್ ಬಿನೀತ್ ದ ಸೀ’ ಚಿತ್ರದಲ್ಲಿ, ಹೀಗೇ ಗೊಂಬೆ ಸರಿಸಿ ರಾಕ್ಷಸರನ್ನು ನಡೆಸುತ್ತಿದ್ದ ರೇ ಹ್ಯಾರಿಹೌಸನ್ ತನ್ನ ಆಕ್ಟೋಪಸ್‌ಗೆ ಆರೇ ತೋಳು ಮಾಡಿದ್ದ. ದುಡ್ಡು ಕಡಿಮೆ ಇತ್ತು. ನೋಡುವಾಗ ಎಣಿಸುವವರು ಯಾರು!

ಬಸ್ಸಿಗೆ ರಟ್ಟು, ಕೆರೆಗೆ ಕಪ್ಪು ಪ್ಲಾಸ್ಟಿಕ್ ಹಾಳೆ. ಮೊಬೈಲನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಕೆಳಗಿನಿಂದ ನೋಡುವ ಹಾಗೆ ಕಟ್ಟಿಬಿಡಿ. ಗೇಣುದ್ದದ ಗೊಂಬೆ ಬೆಟ್ಟದಷ್ಟಾಗುತ್ತದೆ. ಕಿಟಕಿ ಮುಚ್ಚಿ, ಒಂದೇ ದೀಪ ಇಡಿ. ಇಲ್ಲದಿದ್ದರೆ ಮೋಡ ಬಂದು ಹೋದಾಗೆಲ್ಲ ಸಿನಿಮಾ ಮಿಣುಕುತ್ತದೆ. ಫೋಕಸ್ಸು, ಬೆಳಕು ಎರಡನ್ನೂ ಲಾಕ್ ಮಾಡಿ.

ಸೆಕೆಂಡಿಗೆ 12 ಫೋಟೋ ಸಾಕು. ನನಗೆ ಒಟ್ಟು 240 ಬೇಕಿತ್ತು. ಹೆಜ್ಜೆ ಎತ್ತುವಾಗ ಚೂರು ಚೂರೇ ಸರಿಸಿ, ನಡುವೆ ಜಾಸ್ತಿ, ಊರುವಾಗ ಮತ್ತೆ ಚೂರು. ಆಗಲೇ ಮೈಗೆ ತೂಕ ಬರುವುದು. ನೆಲಕ್ಕೂರಿದ ಪಾದಕ್ಕೆ ಕೆಳಗಿನಿಂದ ಸ್ಕ್ರೂ ಹಾಕಿ. 150ನೇ ಫೋಟೋ ಹೊತ್ತಿಗೆ ನಾನು ಚಹಾಕ್ಕೆ ಎದ್ದೆ. ಅಷ್ಟರಲ್ಲಿ ಅವ್ವ ಮೇಜು ಒರೆಸಿ, ರಾಕ್ಷಸನನ್ನು ನೀಟಾಗಿ ಮೂಲೆಯಲ್ಲಿ ನಿಲ್ಲಿಸಿದ್ದಳು. ಸಿನಿಮಾದಲ್ಲಿ ಅಲ್ಲೊಂದು ಜಿಗಿತ ಇದೆ. ಹಾಗೇ ಬಿಟ್ಟಿದ್ದೇನೆ.

ಕೂಗಿಗೆ ಇಂಟರ್‌ನೆಟ್ ಹುಡುಕಬೇಡಿ. 1954ರ ‘ಗೊಡ್ಜಿಲ್ಲಾ’ದ ಕೂಗು ಯಾವ ಪ್ರಾಣಿಯದೂ ಅಲ್ಲ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಡಬಲ್ ಬೇಸ್ ವಾದ್ಯದ ತಂತಿ ಸಡಿಲಿಸಿ, ಅಂಟು ಸವರಿದ ಚರ್ಮದ ಕೈಗವಸಿನಿಂದ ಎಳೆಸಿ, ಆ ಸದ್ದನ್ನು ನಿಧಾನವಾಗಿ ಓಡಿಸಿದ್ದ. ಧಾರವಾಡದಲ್ಲಿ ಮನೆಮನೆಗೆ ತಂಬೂರಿ ಸಿಗಬಹುದು, ಆದರೆ ಅದಕ್ಕೆ ಈ ಗತಿ ತಂದರೆ ಓಣಿ ಬಿಡಬೇಕಾದೀತು. ಬಲೂನ್ ಊದಿ, ಒದ್ದೆ ಬೆರಳಿನಿಂದ ತಿಕ್ಕಿ ರೆಕಾರ್ಡ್ ಮಾಡಿ. ಎಡಿಟಿಂಗ್ ಆ್ಯಪ್‌ನಲ್ಲಿ ವೇಗ ಕಾಲು ಭಾಗಕ್ಕೆ ಇಳಿಸಿ, ಸ್ವರವನ್ನೂ ತಗ್ಗಿಸಿ.

ಮುಗಿದ ಮೇಲೆ ಅವ್ವನಿಗೆ ತೋರಿಸಿದೆ. ಎರಡು ಸಲ ನೋಡಿದಳು. ಆಮೇಲೆ ಕೇಳಿದಳು: “ಬಸ್ಸಿನ್ಯಾಗ ಮಂದಿ ಇದ್ರೇನೋ?”