ಗ್ರೀನ್ ಕಾರ್ಡ್ ಅರ್ಜಿ: ಹಳೆಯ ಲಸಿಕೆ ಕಾರ್ಡ್ ಸಿಗದಿದ್ದರೆ ಏನು ಮಾಡಬೇಕು?

ಅಮೆರಿಕದಲ್ಲಿರುವ ಗಂಡನನ್ನೋ ಹೆಂಡತಿಯನ್ನೋ ಸೇರಿಕೊಳ್ಳಲು ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುವವರು ಮದುವೆ ನೋಂದಣಿ ಪತ್ರ, ಜನನ ಪ್ರಮಾಣಪತ್ರ, ಪೊಲೀಸ್ ದೃಢೀಕರಣ ಇವುಗಳನ್ನು ಹೊಂದಿಸುವುದರಲ್ಲೇ ತಿಂಗಳುಗಟ್ಟಲೆ ಕಳೆಯುತ್ತಾರೆ. ವೈದ್ಯಕೀಯ ದಾಖಲೆಗಳ ನೆನಪಾಗುವುದು ಸಂದರ್ಶನದ ದಿನಾಂಕ ಬಂದ ಮೇಲೆಯೇ. ಶಿರಾ, ಪಾವಗಡ, ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷಗಳ ಹಿಂದೆ ಹುಟ್ಟಿದವರ ಲಸಿಕೆ ಕಾರ್ಡ್ ಈಗ ಮನೆಯಲ್ಲಿ ಸಿಗುವುದು ಅಪರೂಪ. ಆದರೆ ಆ ಕಾರ್ಡ್ ಇಲ್ಲವೆಂಬ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ. ಕಳೆದ ಕಾಗದಕ್ಕೆ ಬದಲಿಯಾಗಿ ಏನು ಕೊಡಬಹುದು, ಎಷ್ಟರೊಳಗೆ ಕೊಡಬೇಕು ಎಂಬುದನ್ನು ಮೊದಲೇ ತಿಳಿದುಕೊಂಡಿದ್ದರೆ ಸಾಕು.

ಮೊದಲು ನಿಮ್ಮ ಅರ್ಜಿ ಯಾವ ದಾರಿಯದು ಎಂಬುದನ್ನು ಖಚಿತಪಡಿಸಿಕೊಳ್ಳಿ. ಅರ್ಜಿದಾರರು ಇನ್ನೂ ಊರಲ್ಲೇ ಇದ್ದರೆ ಅಮೆರಿಕದ ದೂತಾವಾಸ ಗೊತ್ತುಪಡಿಸಿದ ವೈದ್ಯರಿಂದಲೇ ತಪಾಸಣೆ ಮಾಡಿಸಿಕೊಂಡು, ಸಾಮಾನ್ಯವಾಗಿ ಮುಂಬೈನಲ್ಲಿ ಸಂದರ್ಶನಕ್ಕೆ ಹಾಜರಾಗಬೇಕು. ಅಂಥ ವೈದ್ಯರು ತುಮಕೂರಿನಲ್ಲಿಲ್ಲದ ಕಾರಣ ಇಲ್ಲಿಯವರು ಬೆಂಗಳೂರಿಗೆ ಹೋಗಬೇಕಾಗುತ್ತದೆ. ಊರಿನ ವೈದ್ಯರು ಎಷ್ಟೇ ಹಿರಿಯರಾದರೂ ಅವರು ಬರೆದುಕೊಟ್ಟ ಆರೋಗ್ಯ ಪ್ರಮಾಣಪತ್ರ ಇದಕ್ಕೆ ನಡೆಯುವುದಿಲ್ಲ. ಅರ್ಜಿದಾರರು ಈಗಾಗಲೇ ಅಮೆರಿಕದಲ್ಲಿದ್ದು ಅಲ್ಲಿಂದಲೇ ಐ-485 ಎಂಬ ಗ್ರೀನ್ ಕಾರ್ಡ್ ಅರ್ಜಿ ಹಾಕುವುದಾದರೆ, ಅಲ್ಲಿನ ಸರ್ಕಾರ ನೇಮಿಸಿದ ‘ಸಿವಿಲ್ ಸರ್ಜನ್’ ಎಂಬ ವೈದ್ಯರು ಭರ್ತಿ ಮಾಡಿದ ಐ-693 ಎಂಬ ವೈದ್ಯಕೀಯ ತಪಾಸಣೆಯ ನಮೂನೆ ಬೇಕು.

ಲಸಿಕೆ ದಾಖಲೆಯ ಹುಡುಕಾಟ

ತಾಯಿ ಮಗುವಿಗೆ ಚುಚ್ಚುಮದ್ದು ಹಾಕಿಸಿದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಉಪಕೇಂದ್ರದಲ್ಲಿ ಹಳೆಯ ರಿಜಿಸ್ಟರ್ ಉಳಿದಿದೆಯೇ ಎಂದು ವಿಚಾರಿಸಿ. ಕೇಳುವಾಗ ತಾಯಿಯ ಹೆಸರನ್ನೇ ಮುಂದಿಡಿ, ಏಕೆಂದರೆ ನಾಮಕರಣಕ್ಕೆ ಮೊದಲು ಹಾಕಿದ ಲಸಿಕೆ ‘ಇಂಥವರ ಮಗು’ ಎಂದಷ್ಟೇ ದಾಖಲಾಗಿರುತ್ತದೆ. ಹೆರಿಗೆಯಾದದ್ದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಾದರೆ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ ವೈದ್ಯರು ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟುಕೊಂಡಿದ್ದರೆ ಸಾಕು. ಆ ಅವಧಿಯೊಳಗಿನ ದಾಖಲೆಯನ್ನು ರೋಗಿ ಕೇಳಿದರೆ 72 ಗಂಟೆಯೊಳಗೆ ಒದಗಿಸಬೇಕು ಎಂದೂ ಅದೇ ನಿಯಮ ಹೇಳುತ್ತದೆ. ಇತ್ತೀಚಿನ ಶಸ್ತ್ರಚಿಕಿತ್ಸೆಯ ಕಾಗದ ಬೇಕಾದವರು ಇದನ್ನು ಉಲ್ಲೇಖಿಸಿ ಲಿಖಿತವಾಗಿ ಕೇಳಬಹುದು.

ಈ ಹುಡುಕಾಟಕ್ಕೆ ಒಂದು ವಾರಕ್ಕಿಂತ ಹೆಚ್ಚು ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಕಾರ್ಡ್ ಸಿಕ್ಕರೂ ಅದರಿಂದ ಪೂರ್ತಿ ಕೆಲಸವಾಗುವುದಿಲ್ಲ. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಲ್ಲಿ ಆರಂಭವಾದರೂ ಅದರಲ್ಲಿ ಹೆಪಟೈಟಿಸ್ ಬಿ ಲಸಿಕೆ ದೇಶವ್ಯಾಪಿಯಾದದ್ದು 2011ರ ಹೊತ್ತಿಗೆ. ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದದ್ದು 2017ರ ಫೆಬ್ರುವರಿಯಲ್ಲಿ. ಮಂಗನಬಾವು ಮತ್ತು ಸಿಡುಬಿನ ಲಸಿಕೆಗಳು ಆ ಪಟ್ಟಿಯಲ್ಲೇ ಇರಲಿಲ್ಲ. ಇಲ್ಲಿ ಸಿಡುಬು ಎಂದರೆ ಚಿಕನ್‌ಪಾಕ್ಸ್. ಅಮೆರಿಕ ಇವುಗಳನ್ನೂ ಕೇಳುತ್ತದೆ. ಹೀಗಾಗಿ 1990ರ ದಶಕದಲ್ಲಿ ಹುಟ್ಟಿದವರು ಕಾರ್ಡ್ ಇಟ್ಟುಕೊಂಡಿದ್ದರೂ ಕೆಲವು ಲಸಿಕೆಗಳನ್ನು ಹೊಸದಾಗಿ ಹಾಕಿಸಿಕೊಳ್ಳಲೇಬೇಕಾಗುತ್ತದೆ.

ಕಾರ್ಡ್ ಇಲ್ಲದವರಿಗೆ ಎರಡು ಮಾರ್ಗಗಳಿವೆ. ದಡಾರ, ಮಂಗನಬಾವು, ರುಬೆಲ್ಲಾ, ಸಿಡುಬು ಮತ್ತು ಹೆಪಟೈಟಿಸ್ ಬಿ ಇವುಗಳಿಗೆ ದೇಹದಲ್ಲಿ ಪ್ರತಿರೋಧ ಶಕ್ತಿ ಇದೆಯೆಂದು ರಕ್ತಪರೀಕ್ಷೆಯಲ್ಲಿ ತೋರಿದರೆ ಲಸಿಕೆಯ ದಾಖಲೆ ಬೇಕಾಗುವುದಿಲ್ಲ. ಇಲ್ಲವಾದರೆ ಲಸಿಕೆಯನ್ನೇ ಮತ್ತೊಮ್ಮೆ ಹಾಕಿಸಿಕೊಳ್ಳಬಹುದು. ಹೆಪಟೈಟಿಸ್ ಬಿ ಲಸಿಕೆಯ ಎಲ್ಲ ಡೋಸ್ ಮುಗಿಯಲು ಆರು ತಿಂಗಳು ಬೇಕೆಂದು ಹೆದರಬೇಕಿಲ್ಲ: ಒಂದು ಡೋಸ್ ಹಾಕಿಸಿಕೊಂಡು, ಮುಂದಿನ ಡೋಸ್‌ಗೆ ಇನ್ನೂ ಸಮಯವಾಗಿಲ್ಲವೆಂದು ತಪಾಸಣೆಯ ವೈದ್ಯರು ನಮೂದಿಸಿದರೆ ಅರ್ಜಿ ಮುಂದುವರಿಯುತ್ತದೆ. ಗರ್ಭಿಣಿಯರು ವಿಷಯವನ್ನು ಮೊದಲೇ ತಿಳಿಸಬೇಕು. ಅವರಿಗೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಮತ್ತು ಸಿಡುಬಿನ ಲಸಿಕೆ ಕೊಡಬಾರದಾದ್ದರಿಂದ ಆ ಕಾರಣವನ್ನೇ ನಮೂನೆಯಲ್ಲಿ ಬರೆಯುತ್ತಾರೆ.

ಪರಿಚಯದ ವೈದ್ಯರಿಂದ ಹಿಂದಿನ ದಿನಾಂಕ ಹಾಕಿಸಿ ಲಸಿಕೆ ಪತ್ರ ಮಾಡಿಸಿಕೊಳ್ಳಿ ಎಂದು ಸಲಹೆ ಕೊಡುವವರು ಎಲ್ಲ ಊರಿನಲ್ಲೂ ಇದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಸುಳ್ಳು ದಾಖಲೆ ಕೊಟ್ಟದ್ದು ರುಜುವಾತಾದರೆ ಅಮೆರಿಕದ ವಲಸೆ ಕಾನೂನಿನಡಿ ಜೀವನಪೂರ್ತಿ ಪ್ರವೇಶ ನಿಷೇಧವಾಗಬಹುದು. ಒಂದು ಚುಚ್ಚುಮದ್ದಿನಿಂದ ಬಗೆಹರಿಯುವ ವಿಷಯಕ್ಕೆ ದಂಪತಿಯ ಇಡೀ ಬದುಕನ್ನು ಪಣಕ್ಕಿಡುವುದು ಸರಿಯಲ್ಲ.

ಕ್ಷಯದ ಕಾಗದವೇ ಮುಖ್ಯ

ನಿಜವಾಗಿ ಕಷ್ಟಪಟ್ಟು ಹುಡುಕಬೇಕಾದ ದಾಖಲೆಯೆಂದರೆ ಹಿಂದೆ ಪಡೆದ ಕ್ಷಯರೋಗ ಚಿಕಿತ್ಸೆಯದು. ಇಲ್ಲಿ ತಪಾಸಣೆಗೆ ಹೋಗುವ 15 ವರ್ಷ ಮೇಲ್ಪಟ್ಟ ಎಲ್ಲರಿಗೂ ಎದೆಯ ಎಕ್ಸ್‌ರೇ ಕಡ್ಡಾಯ. ಎಂದೋ ವಾಸಿಯಾದ ಕ್ಷಯದ ಕಲೆ ಅದರಲ್ಲಿ ಕಂಡರೂ ಮೂರು ಬಾರಿ ಕಫ ಪರೀಕ್ಷೆ ಮಾಡಿ, ಕಲ್ಚರ್ (ಕಫದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಫಲಿತಾಂಶಕ್ಕಾಗಿ ಸುಮಾರು 8 ವಾರ ಕಾಯಿಸುತ್ತಾರೆ. ಆದ್ದರಿಂದ ಚಿಕಿತ್ಸೆ ಪಡೆದವರು ತಪಾಸಣೆಗೆ ಬಹಳ ಮೊದಲೇ ಡಾಟ್ಸ್ (ಸರ್ಕಾರಿ ಕ್ಷಯ ಚಿಕಿತ್ಸೆ) ಕಾರ್ಡ್, ಹಳೆಯ ಎಕ್ಸ್‌ರೇ ಫಿಲಂ, ಯಾವ ಔಷಧಿಯನ್ನು ಎಂದಿನಿಂದ ಎಂದಿನವರೆಗೆ ತೆಗೆದುಕೊಂಡರೆಂಬ ವಿವರ ಇವುಗಳನ್ನು ಕೂಡಿಸಿಕೊಳ್ಳಬೇಕು. ಕ್ಷಯರೋಗಿಗಳ ವಿವರ ದಾಖಲಿಸುವ ಸರ್ಕಾರದ ನಿಕ್ಷಯ್ ವ್ಯವಸ್ಥೆ 2012ರಿಂದ ಇರುವುದರಿಂದ ಅದರ ನಂತರದ ಚಿಕಿತ್ಸೆಯಾದರೆ ಜಿಲ್ಲಾ ಕ್ಷಯರೋಗ ಕೇಂದ್ರದಲ್ಲಿ ವಿಚಾರಿಸಿ. ಏನೂ ಸಿಗದಿದ್ದರೂ ಕಾಯಿಲೆ ಬಂದಿತ್ತೆಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ.

ತಪಾಸಣೆಯ ವರದಿ ಸಾಮಾನ್ಯವಾಗಿ 6 ತಿಂಗಳು ಮಾತ್ರ ಚಾಲ್ತಿಯಲ್ಲಿರುತ್ತದೆ. ಸಂದರ್ಶನದ ಹೊತ್ತಿಗೆ ವರದಿ ತಲುಪದಿದ್ದರೆ ಅಧಿಕಾರಿ 221(ಜಿ) ಪತ್ರ ಕೊಟ್ಟು ತಾತ್ಕಾಲಿಕವಾಗಿ ವೀಸಾ ನಿರಾಕರಿಸುತ್ತಾರೆ. ಕೊರತೆಯ ದಾಖಲೆಯನ್ನು ಒಂದು ವರ್ಷದೊಳಗೆ ಸಲ್ಲಿಸದಿದ್ದರೆ ಹೊಸದಾಗಿ ಅರ್ಜಿ ಹಾಕಿ ಶುಲ್ಕ ಕಟ್ಟಬೇಕಾಗುತ್ತದೆ.

ಅಮೆರಿಕದಿಂದ ಪತ್ರ ಬಂದರೆ

ಅಮೆರಿಕದಿಂದಲೇ ಅರ್ಜಿ ಹಾಕುವವರು 2024ರ ಡಿಸೆಂಬರ್ 2ರಿಂದ ಐ-693 ನಮೂನೆಯನ್ನು ಐ-485 ಅರ್ಜಿಯ ಜೊತೆಯಲ್ಲೇ ಸಲ್ಲಿಸಬೇಕು. ಇಲ್ಲದಿದ್ದರೆ ಅರ್ಜಿ ಹಾಗೆಯೇ ವಾಪಸಾಗಬಹುದು. ಮದುವೆಗೆ ಮೊದಲು ಕೆ-1 ವೀಸಾದಲ್ಲಿ (ಮದುವೆ ನಿಶ್ಚಯವಾದವರಿಗೆ ಕೊಡುವ ವೀಸಾ) ಹೋದವರಿಗೆ ಭಾರತದಲ್ಲಿ ಮಾಡಿಸಿದ ತಪಾಸಣೆಯಾಗಿ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಪೂರ್ತಿ ತಪಾಸಣೆ ಮತ್ತೆ ಬೇಕಾಗುವುದಿಲ್ಲ. ಆದರೆ ಲಸಿಕೆ ವಿವರದ ಡಿಎಸ್-3025 ಹಾಳೆ ಅಪೂರ್ಣವಾಗಿದ್ದರೆ ಆ ಭಾಗವನ್ನು ಸಿವಿಲ್ ಸರ್ಜನ್ ಬಳಿ ತುಂಬಿಸಬೇಕು. ಆ ಹಾಳೆಯ ಪ್ರತಿಯನ್ನು ಬೆಂಗಳೂರಿನಲ್ಲಿ ತಪಾಸಣೆಯಾದ ದಿನವೇ ಕೇಳಿ ಪಡೆದುಕೊಳ್ಳಿ.

ಸಲ್ಲಿಸಿದ ದಾಖಲೆಯಲ್ಲಿ ಕೊರತೆ ಇದ್ದರೆ ವಲಸೆ ಇಲಾಖೆ ಹೆಚ್ಚಿನ ಸಾಕ್ಷ್ಯ ಕೇಳಿ ಪತ್ರ ಕಳಿಸುತ್ತದೆ. ಅದನ್ನು ಆರ್‌ಎಫ್‌ಇ ಎನ್ನುತ್ತಾರೆ. ಉತ್ತರಿಸಲು ಹೆಚ್ಚೆಂದರೆ 84 ದಿನ ಸಿಗುತ್ತದೆ, ಅವಧಿ ವಿಸ್ತರಣೆ ಇಲ್ಲ. ಕೇಳಿದ್ದೆಲ್ಲವನ್ನೂ ಒಂದೇ ಬಾರಿಗೆ, ಆ ಮೂಲ ಪತ್ರವನ್ನು ಮೇಲಿಟ್ಟು ಕಳಿಸಬೇಕು, ಏಕೆಂದರೆ ಅರ್ಧ ಕಳಿಸಿದರೆ ಅಷ್ಟನ್ನೇ ಪೂರ್ಣ ಉತ್ತರವೆಂದು ಪರಿಗಣಿಸಿ ತೀರ್ಮಾನಿಸುತ್ತಾರೆ. ಸಿವಿಲ್ ಸರ್ಜನ್ ಮುಚ್ಚಿ ಕೊಟ್ಟ ಲಕೋಟೆಯನ್ನು ಒಡೆಯಬಾರದು; ನಿಮ್ಮ ಪ್ರತಿಯನ್ನು ಮುಚ್ಚುವ ಮೊದಲೇ ಕೇಳಿ ಇಟ್ಟುಕೊಳ್ಳಿ.

ಊರಿನಿಂದ ತಂದೆತಾಯಿ ಕಳಿಸುವ ಕನ್ನಡ ದಾಖಲೆಗಳಿಗೆ ಪೂರ್ಣ ಇಂಗ್ಲಿಷ್ ಅನುವಾದವೂ, ಅನುವಾದ ಸರಿಯಾಗಿದೆ ಮತ್ತು ತನಗೆ ಎರಡೂ ಭಾಷೆ ಬರುತ್ತದೆ ಎಂಬ ಅನುವಾದಕರ ಸಹಿಯುಳ್ಳ ಹೇಳಿಕೆಯೂ ಬೇಕು, ನೋಟರಿ ಮಾಡಿಸಬೇಕಿಲ್ಲ. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಸಿ, ಏಕೆಂದರೆ 05/07/1996 ಎಂಬುದು ನಮಗೆ ಜುಲೈ 5, ಅಮೆರಿಕದವರಿಗೆ ಮೇ 7. ಉತ್ತರ ಅಂಚೆಗೆ ಬಿದ್ದ ದಿನ ಲೆಕ್ಕಕ್ಕೆ ಬರುವುದಿಲ್ಲ, ಕಚೇರಿಗೆ ತಲುಪಿದ ದಿನವೇ ಲೆಕ್ಕವಾದ್ದರಿಂದ ಟ್ರ್ಯಾಕಿಂಗ್ ಇರುವ ಕೊರಿಯರ್‌ನಲ್ಲಿ, ಕೊನೆಯ ದಿನಾಂಕಕ್ಕೆ ಒಂದೆರಡು ವಾರ ಮೊದಲೇ ಕಳಿಸಿ.