ಕುರ್ಚಿ, ಹಿಡಿತದ ಮೀಟರ್, ಜೆಲ್ಲಿ: ಸ್ನಾಯು ಅಳೆಯುವುದರಲ್ಲಿ ನನ್ನ ಅನುಭವ

ವಯಸ್ಸಾದವರ ಸ್ನಾಯು ಕರಗಿದೆಯೋ ಇಲ್ಲವೋ ಅಂತ ನಮ್ಮಂಥ ಸಣ್ಣ ಫಿಸಿಯೋ ಕ್ಲಿನಿಕ್‌ನಲ್ಲೇ ಹೇಳಬಹುದು ಅಂದಾಗ ಯಾರೂ ನಂಬಲಿಲ್ಲ. "ಡೆಕ್ಸಾ ಇಲ್ಲದೆ ಹೇಗ್ರೀ?" ಅಂದರು ನಮ್ಮೂರಿನ ಮೂಳೆ ಡಾಕ್ಟರ್. ಡೆಕ್ಸಾ ಅಂದರೆ ಮೂಳೆ, ಕೊಬ್ಬು, ಸ್ನಾಯು ಬೇರೆ ಬೇರೆ ಅಳೆಯುವ ಎಕ್ಸ್‌ರೇ ಮೆಷಿನ್. ಮಲೆನಾಡಿನ ತಾಲ್ಲೂಕು ಊರಿಗೆ ಅದನ್ನು ಎಲ್ಲಿಂದ ತರೋಣ? ಈಗ ಮೊಣಕಾಲು ಆಪರೇಷನ್‌ಗೆ ಮೊದಲು ಅವರೇ ಪೇಷಂಟ್‌ಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಮೊದಲು ದುಡ್ಡು ಹೋದದ್ದು ಮೈಯಲ್ಲಿ ಸಣ್ಣ ಕರೆಂಟ್ ಹರಿಸಿ ಸ್ನಾಯು ಅಂದಾಜು ಮಾಡುವ ಬಿಐಎ ಮೆಷಿನ್‌ಗೆ, ಹೆಚ್ಚೂಕಮ್ಮಿ 30 ಸಾವಿರ. ಕಾಲು ಊದಿದವರಿಗೆ ಸ್ನಾಯು ಜಾಸ್ತಿ ತೋರಿಸುತ್ತದೆ. ಖಾಲಿ ಹೊಟ್ಟೆಗೆ ಒಂದು ಲೆಕ್ಕ, ಊಟವಾದ ಮೇಲೆ ಇನ್ನೊಂದು. ಪೇಸ್‌ಮೇಕರ್ ಇದ್ದವರಿಗೆ ಬಳಸುವಂತೆಯೇ ಇಲ್ಲ. ಆರೇಳು ತಿಂಗಳಲ್ಲಿ ಮೂಲೆ ಸೇರಿತು.

ಆಮೇಲೆ ಕೈ ಹಿಡಿತದ ಬಲ ಅಳೆಯಲು ಎರಡು ಸಾವಿರದ ಎಲೆಕ್ಟ್ರಾನಿಕ್ ಹಿಡಿತದ ಮೀಟರ್. ತೂಕ ಮಾಡಿದ ಅಕ್ಕಿ ಚೀಲ ನೇತುಹಾಕಿ ನೋಡಿದರೆ 25 ಕೆ.ಜಿ.ಗೆ 21, 22 ತೋರಿಸಿತು. ಗಂಡಸರಿಗೆ 28 ಕೆ.ಜಿ., ಹೆಂಗಸರಿಗೆ 18, ಅದಕ್ಕಿಂತ ಕಡಿಮೆಯಾದರೆ ಬಲ ಕುಂದಿದೆ ಅನ್ನುವ ಏಷ್ಯಾದ ತಜ್ಞರ 2019ರ ಗಡಿ ಹಿಡಿದು ಕೆಲಸ ಮಾಡುವವರಿಗೆ ಮೂರು ನಾಲ್ಕು ಕೆ.ಜಿ. ಸಣ್ಣ ವ್ಯತ್ಯಾಸವಲ್ಲ. ಕೊನೆಗೆ ಜಾಮರ್ ಬ್ರ್ಯಾಂಡಿನ ಸೆಕೆಂಡ್ ಹ್ಯಾಂಡ್ ಹಿಡಿತದ ಮೀಟರ್ ತರಿಸಿದೆ, ಸುಮಾರು 20 ಸಾವಿರ. ಹ್ಯಾಂಡಲ್ ಎರಡನೇ ಸ್ಥಾನದಲ್ಲಿ, ಮೊಣಕೈ 90 ಡಿಗ್ರಿ, ಎರಡೂ ಕೈ, ಮೂರು ಮೂರು ಸಲ. ಇದರಲ್ಲಿ ಚೌಕಾಸಿ ಬೇಡ.

ಆದರೂ ಹಿಡಿತವೊಂದನ್ನೇ ನಂಬಬೇಡಿ. ನಮ್ಮ ಕಡೆ ಅಡಿಕೆ ಸುಲಿಯುವ ಹೆಂಗಸರು ಅರವತ್ತೈದು ದಾಟಿದರೂ 24, 25 ಒತ್ತುತ್ತಾರೆ. ಅವರಿಗೇ "ಅಮ್ಮ, ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂತ್ಕೊಳ್ಳಿ" ಅಂದರೆ 16, 17 ಸೆಕೆಂಡ್ ಆಗುತ್ತದೆ. 12 ಆದರೇ ಎಚ್ಚರ, ಅಲ್ವಾ? ಮೆಟ್ಟುಗತ್ತಿ ಮುಂದೆ ದಿನಗಟ್ಟಲೆ ಕೂತು ಕೈ ಗಟ್ಟಿಯಾಗಿದೆ, ತೊಡೆ ಸೊರಗಿದೆ.

ಕುರ್ಚಿಗೂ ಖರ್ಚು ಮಾಡಿ. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಸೀಟು ಬಗ್ಗುತ್ತದೆ. ಬಡಗಿ ಹತ್ತಿರ 43 ಸೆಂ.ಮೀ. ಎತ್ತರದ, ಕೈ ಇಲ್ಲದ ಮರದ ಕುರ್ಚಿ ಮಾಡಿಸಿ ಗೋಡೆಗೆ ಒತ್ತಿ ಇಟ್ಟಿದ್ದೇನೆ. ಸಾವಿರದ ಚಿಲ್ಲರೆ ಆಯಿತು. ನನ್ನ ಸಾಮಾನುಗಳಲ್ಲೆಲ್ಲ ದುಡ್ಡಿಗೆ ತಕ್ಕ ಕೆಲಸ ಮಾಡಿದ್ದು ಇದೇ.

ಮೂಳೆ ಡಾಕ್ಟರ್ ತಕರಾರು ಇಲ್ಲೇ ಇತ್ತು. ನಿಧಾನವಾಗಿದ್ದು ಮೊಣಕಾಲು ನೋವಿಗೋ, ಸ್ನಾಯು ಇಲ್ಲದ್ದಕ್ಕೋ? ನ್ಯಾಯವಾದ ಪ್ರಶ್ನೆ. ಅದನ್ನು ಬೇರೆ ಮಾಡಲು ಅದೇ ಕುರ್ಚಿ ಪರೀಕ್ಷೆಯಲ್ಲಿ ಒಂದು ಚಿಕ್ಕ ಬದಲಾವಣೆ ಮಾಡಿಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದು ಸರಿಯೋ ಅಂತ ನೋಡಲು ಅಲ್ಟ್ರಾಸೌಂಡ್ ಬೇಕಾಯಿತು. ನಾವು ಸುಮ್ನೆ ಮೆಷಿನ್ ಕೊಳ್ಳುವ ಹಾಗಿಲ್ಲ, 1994ರ ಲಿಂಗ ಪತ್ತೆ ತಡೆ ಕಾಯ್ದೆಯ ನೋಂದಣಿ ಇರಬೇಕು. ಸ್ಕ್ಯಾನಿಂಗ್ ಸೆಂಟರ್‌ನ ಗೆಳೆಯರೊಬ್ಬರು ಸಂಜೆ ಹೊತ್ತು, ತಲೆಗೆ 300 ರೂಪಾಯಿಗೆ ಮಾಡಿಕೊಟ್ಟರು. ಸೊಂಟದ ಮುಂದಿನ ಮೂಳೆಗೂ ಮಂಡಿಚಿಪ್ಪಿನ ಮೇಲಂಚಿಗೂ ನಡುಮಧ್ಯೆ ಪೆನ್ನಿನ ಗುರುತು, ಅಲ್ಲಿ ಲೀನಿಯರ್ ಪ್ರೋಬ್, ಅಂದರೆ ಮೈಮೇಲೆ ಇಡುವ ಉದ್ದ ತಲೆಯ ಸ್ಕ್ಯಾನ್ ಹಿಡಿ. ಶುರುವಿನಲ್ಲಿ ಒಂದೇ ತೊಡೆಯ ಸ್ನಾಯು ದಪ್ಪ ಒಮ್ಮೆ 21 ಮಿ.ಮೀ., ಇನ್ನೊಮ್ಮೆ 26. ಕಾರಣ ಪ್ರೋಬ್ ಒತ್ತುತ್ತಿದ್ದದ್ದು. ಸ್ನಾಯು ಮೆತ್ತಗಿದ್ದಷ್ಟೂ ಜಾಸ್ತಿ ತಗ್ಗುತ್ತದೆ. ಜೆಲ್ಲಿ ದಪ್ಪಗೆ ಹಾಕಿ, ಪ್ರೋಬ್ ಅದರ ಮೇಲೆ ತೇಲಬೇಕು. ಪರದೆಯಲ್ಲಿ ಜೆಲ್ಲಿಯ ಕಪ್ಪು ಪಟ್ಟಿ ಕಾಣಬೇಕು. ಪರದೆಯಲ್ಲಿ ಸ್ನಾಯು ಎಷ್ಟು ಬೆಳ್ಳಗಿದೆ ಅಂತಲೂ ಹೋಲಿಸುವುದಾದರೆ ಗೇನ್, ಅಂದರೆ ಚಿತ್ರದ ಹೊಳಪು ಏರಿಳಿಸುವ ಗುಂಡಿ, ಮುಟ್ಟಲೇಬೇಡಿ. ಆಮೇಲೆ ವ್ಯತ್ಯಾಸ ಒಂದು ಮಿ.ಮೀ. ಆಸುಪಾಸಿಗೆ ಇಳಿಯಿತು. ನನ್ನ ಕುರ್ಚಿ ಹೇಳಿದ್ದಕ್ಕೂ ತೊಡೆ ಸ್ನಾಯುವಿನ ದಪ್ಪಕ್ಕೂ ಮುಕ್ಕಾಲು ಪಾಲು ಜನರಲ್ಲಿ ತಾಳೆಯಾಯಿತು. ಡಾಕ್ಟರ್ ಒಪ್ಪಿದ್ದು ಆವಾಗಲೇ.

ಮೀನಖಂಡದ ಸುತ್ತಳತೆಯನ್ನೂ ಬರೆದಿಡುತ್ತೇನೆ. ಬಾವು ಇದ್ದರೆ, ಬೊಜ್ಜಿದ್ದರೆ ಆ ಲೆಕ್ಕ ಹಿಡಿಯುವುದಿಲ್ಲ.

ಈಗ ಹಿಡಿತ ಅಳೆಯಲು ಬಿಪಿ ಪಟ್ಟಿಯ ಹಿಂದೆ ಬಿದ್ದಿದ್ದೇನೆ. ಸಂಧಿವಾತದ ಕೈಗೆ ಜಾಮರ್‌ನ ಗಟ್ಟಿ ಹಿಡಿ ನೋವು ಕೊಡುತ್ತದೆ. ಪಟ್ಟಿಯನ್ನು ಸುರುಳಿ ಸುತ್ತಿ ಮೀಟರ್ 20 ತೋರಿಸುವವರೆಗೆ ಗಾಳಿ ತುಂಬಿ, ಮುಷ್ಟಿಯಲ್ಲಿ ಹಿಂಡಲು ಹೇಳಿ, ಮುಳ್ಳು ಎಷ್ಟು ಏರಿತು ಅಂತ ಬರೆಯಿರಿ. ಕೆ.ಜಿ. ಲೆಕ್ಕ ಸಿಗದು. ಆದರೆ ಅದೇ ವ್ಯಕ್ತಿ ತಿಂಗಳು ಬಿಟ್ಟು ಬಂದಾಗ ಹೋಲಿಸಲು ಸಾಕು, ಮನೆಗೆ ಹೋಗಿ ನೋಡುವಾಗ ಬ್ಯಾಗಿನಲ್ಲಿ ಭಾರವೂ ಇಲ್ಲ.